ಫೇರಿ ಬ್ಲೂಮ್ ಫ್ರೀಸಿಯಾ: ಗೊಲೆಮ್‌ಗಳ ಕೈಲಿ ಒದೆ ತಿಂದು ಸಾಕಾಗಿದೆ, ಯಾರಾದರೂ ಆಡಿದ್ದೀರಾ?

ಮೂರನೇ ಬೆಂಚು

ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡವರ ಪಾಡು ನಿಮಗೆ ಗೊತ್ತಲ್ಲ. ಹೊಸ ಗೇಮ್ ಹಾಕಿದರೆ ಫ್ಯಾನು ಮಿಕ್ಸಿ ಥರ ಕೂಗುತ್ತದೆ, ಗೇಮ್ ಮಾತ್ರ ಓಡುವುದಿಲ್ಲ. ಹಾಗಾಗಿ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಸೇಲ್ ಬಂದಾಗಲೆಲ್ಲ ಚಿಕ್ಕದು, ಹಳೆಯದು, ಅಗ್ಗದ್ದು ಯಾವುದಿದೆ ಅಂತ ಕೆದಕುವುದು ನನ್ನ ಅಭ್ಯಾಸ. ಹಾಗೆ ಕೆದಕುವಾಗ ಸಿಕ್ಕಿದ್ದು 'ಫೇರಿ ಬ್ಲೂಮ್ ಫ್ರೀಸಿಯಾ'. ಒಂದು ಮಸಾಲೆ ದೋಸೆ, ಒಂದು ಕಾಫಿಯ ದುಡ್ಡು. ಜಪಾನಿನವರು ಮಾಡಿದ್ದು. 2012ರ ಕೊನೆಯಲ್ಲಿ ಸ್ಟೀಮ್‌ಗೆ ಬಂದಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಲೀಟಾ ಅಂತ ಒಂದು ಕಾಡು. ಅಲ್ಲಿನ ಮಣ್ಣೇ ಜೀವಿಗಳಿಗೆ ಬುದ್ಧಿ ಕೊಡುತ್ತದೆ ಅನ್ನುವ ನಂಬಿಕೆ. ಆ ಕಾಡನ್ನು ಕಾಯುವವಳು ಫ್ರೀಸಿಯಾ ಎಂಬ ಪುಟ್ಟ ಫೇರಿ. ಗೊಲೆಮ್ ಅನ್ನುವ ಜೀವ ತುಂಬಿದ ಬೊಂಬೆಗಳು ಹಿಂಡು ಹಿಂಡಾಗಿ ನುಗ್ಗುತ್ತವೆ, ಇವಳು ಒದ್ದು ಓಡಿಸಬೇಕು. ಹೊಡೆದಷ್ಟೂ ಮಾನಾ, ಅಂದರೆ ಮಾಂತ್ರಿಕ ಶಕ್ತಿ, ಸಿಗುತ್ತದೆ. ಒಂದು ಸ್ಟೇಜ್ ಮುಗಿದ ಮೇಲೆ ಆ ಮಾನಾ ಕೊಟ್ಟು ಹೊಸ ಪಟ್ಟು ಕಲಿಯಬಹುದು. ಒಂಥರಾ ಗರಡಿಮನೆ, ಆದರೆ ರೆಕ್ಕೆ ಇರುವವರಿಗೆ.

ಶುರುವಿನಲ್ಲಿ ಚೆನ್ನಾಗಿತ್ತು. ಈಗ ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಒಬ್ಬನನ್ನು ಹೊಡೆಯುತ್ತಾ ಇದ್ದರೆ ಹಿಂದಿನಿಂದ ಇನ್ನೊಬ್ಬ ಗುದ್ದುತ್ತಾನೆ. ಅವನ ಕಡೆ ತಿರುಗಿದರೆ ಮೇಲಿನಿಂದ ಮತ್ತೊಬ್ಬ. ಅಟ್ಯಾಕ್ ಬಟನ್ ಒತ್ತಿ ಒತ್ತಿ ಹೆಬ್ಬೆರಳು ನೋಯುತ್ತಿದೆ. ಕಷ್ಟದ ಮಟ್ಟ ನಾರ್ಮಲ್‌ನಲ್ಲಿ ಇಟ್ಟರೇ ಈ ಗತಿ. ಸಾಲದ್ದಕ್ಕೆ ತಂಗಿ ಪಕ್ಕದಲ್ಲಿ ನಿಂತು, "ಅಣ್ಣಾ, ಚಿಟ್ಟೆ ಸತ್ತೋಯ್ತಾ ಮತ್ತೆ?" ಅಂತ ಕೇಳುತ್ತಾಳೆ.

ನಾನು ಏನು ತಪ್ಪು ಮಾಡುತ್ತಿದ್ದೇನೆ? ಇನ್ನೊಂದು ವಿಷಯ. ಕೆಲವು ಸಲ ಬಟನ್ ಒತ್ತಿದರೂ ಒದೆಯೇ ಬೀಳುವುದಿಲ್ಲ. ಗೇಮ್ ತಪ್ಪಾ, ನನ್ನ ತಪ್ಪಾ?

ಅಡ್ಡಮಳೆ

ಇದನ್ನು ಅಂಗಡಿಯಲ್ಲಿ ಹತ್ತು ಸಲ ನೋಡಿ ಹತ್ತು ಸಲವೂ ದಾಟಿಹೋಗಿದ್ದೇನೆ. ಕವರ್ ನೋಡಿ ಮಕ್ಕಳ ಗೇಮ್ ಅಂದುಕೊಂಡಿದ್ದೆ. ಇದರಲ್ಲಿ ಒದೆ ತಿನ್ನುವುದೂ ಇದೆ ಅಂತ ಈಗ ಗೊತ್ತಾಯಿತು. ಮುಂದುವರಿಸಿ, ಓದುತ್ತಿದ್ದೇನೆ.

ಐದು ರೂಪಾಯಿ ಕಾಯಿನ್

ಬಡಿದಾಟದ ಗೇಮ್ ಅಂದಾಗ ನನಗೆ ಬೇರೆ ಯಾವುದೂ ನೆನಪಾಗುವುದಿಲ್ಲ, ಮುಸ್ತಫಾ ಒಂದೇ. ನಮ್ಮೂರ ಬಸ್ ಸ್ಟ್ಯಾಂಡ್ ಹಿಂದೆ, ಸೈಕಲ್ ಶಾಪ್ ಪಕ್ಕ, ಒಂದು ಕತ್ತಲೆ ಕೋಣೆ. ಮೂರು ಮೆಷಿನ್. ಅದರಲ್ಲಿ ಒಂದರ ಸ್ಟಿಕ್ ಎಡಕ್ಕೆ ತಿರುಗುತ್ತಲೇ ಇರಲಿಲ್ಲ. ಗೇಮ್‌ನ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ಅಂತ ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. ಕ್ಯಾಪ್‌ಕಾಮ್‌ನವರು 1993ರಲ್ಲಿ ತಂದಿದ್ದು. ನಾಲ್ಕು ಜನ ಹೀರೋಗಳಿದ್ದರು, ಅದರಲ್ಲಿ ಹ್ಯಾನಾ ಅಂತ ಒಬ್ಬಳು ಹುಡುಗಿ. ಆದರೆ ಯಾರು ಕಾಯಿನ್ ಹಾಕಿದರೂ ಹಳದಿ ಟೋಪಿ ಮುಸ್ತಫಾನೇ ಬೇಕು. ಓಡಿ ಬಂದು ಒದೆಯುವ ಒದೆ ಇತ್ತಲ್ಲ, ಅದಕ್ಕೆ. ಊರಿಗೆ ಊರೇ ಗೇಮ್‌ಗೆ ಅವನ ಹೆಸರನ್ನೇ ಇಟ್ಟುಬಿಟ್ಟಿತು.

ನೆನಪು ಬಿಡಿ, ವಿಷಯಕ್ಕೆ ಬರುತ್ತೇನೆ. ಮುಸ್ತಫಾ ಥರದ ಗೇಮ್‌ಗಳಲ್ಲಿ ಬೀದಿಗೆ ಅಗಲ ಇರುತ್ತದೆ. ಮೇಲೆ ಕೆಳಗೆ ಸರಿದು ತಪ್ಪಿಸಿಕೊಳ್ಳಬಹುದು. ಎಲ್ಲರನ್ನೂ ಒಂದೇ ಪಕ್ಕಕ್ಕೆ ಎಳೆದು ತಂದು ಸಾಲಾಗಿ ನಿಲ್ಲಿಸಿ ಹೊಡೆಯುವುದೇ ಅಲ್ಲಿನ ಗುಟ್ಟು. ಫ್ರೀಸಿಯಾದಲ್ಲಿ ಆ ಅಗಲವೇ ಇಲ್ಲ. ಒಂದೇ ಗೆರೆ. ಎಡ, ಬಲ, ಮೇಲೆ ಆಕಾಶ. ಎರಡೂ ಕಡೆ ಗೋಡೆ. ಮುಸ್ತಫಾ ಬುದ್ಧಿ ಇಟ್ಟುಕೊಂಡು ಇಲ್ಲಿಗೆ ಬಂದರೆ ಸಾಯುವುದು ಗ್ಯಾರಂಟಿ. ನಾನೂ ಸತ್ತಿದ್ದೇನೆ, ಚೆನ್ನಾಗಿ ಸತ್ತಿದ್ದೇನೆ.

ಅರ್ಧ ಲೋಟ

ಮೂರನೇ ಬೆಂಚು ಅವರೇ, ಒಂದು ಪ್ರಶ್ನೆ. ನೀವು ಗೊಲೆಮ್‌ಗಳನ್ನು ಒಬ್ಬೊಬ್ಬರನ್ನಾಗಿ ಹೊಡೆದು ಮುಗಿಸಲು ನೋಡುತ್ತಿದ್ದೀರಾ?

ಮೂರನೇ ಬೆಂಚು

ಹೌದು. ಇನ್ನು ಹೇಗೆ ಹೊಡೆಯಬೇಕು?

ಅರ್ಧ ಲೋಟ

ಅಲ್ಲೇ ಇರುವುದು ಎಡವಟ್ಟು. ಇದನ್ನು ಗುದ್ದಾಟ ಅಂದುಕೊಳ್ಳಬೇಡಿ. ಕೇರಂ ಅಂದುಕೊಳ್ಳಿ.

ಕೇರಂನಲ್ಲಿ ಕಾಯಿಯನ್ನು ಕೈಯಿಂದ ಎತ್ತಿ ಗುಂಡಿಗೆ ಹಾಕುತ್ತೀರಾ? ಇಲ್ಲ. ಸ್ಟ್ರೈಕರ್‌ನಿಂದ ಒಂದು ಕಾಯಿ ಹೊಡೆದರೆ ಅದು ಇನ್ನೊಂದಕ್ಕೆ ತಾಗಿ, ಅದು ಪಟ್ಟಿಗೆ ಬಡಿದು ವಾಪಸ್ ಬಂದು ಮತ್ತೊಂದನ್ನು ತಳ್ಳುತ್ತದೆ. ಫ್ರೀಸಿಯಾದಲ್ಲಿ ಒದೆ ತಿಂದು ಹಾರುವ ಗೊಲೆಮ್ ತನ್ನ ದಾರಿಯಲ್ಲಿರುವ ಗೊಲೆಮ್‌ಗೂ ಪೆಟ್ಟು ಕೊಡುತ್ತದೆ. ಗೋಡೆಗೆ ಬಡಿದು ಪುಟಿಯುತ್ತದೆ. ಅಂದರೆ ಎದುರಿಗೆ ಎಷ್ಟು ಜನ ಜಾಸ್ತಿ ಇದ್ದಾರೋ ನಿಮಗೆ ಅಷ್ಟು ಒಳ್ಳೆಯದು. ಬೋರ್ಡ್ ತುಂಬಿದೆ ಅಂತ ಅರ್ಥ.

ಹೀಗೆ ಮಾಡಿ ನೋಡಿ. ಎರಡು ಮೂರು ಗೊಲೆಮ್ ಹತ್ತಿರ ಬರುವ ತನಕ ಸುಮ್ನೆ ತಪ್ಪಿಸಿಕೊಳ್ಳುತ್ತಾ ಇರಿ. ಹೊಡೆಯಲೇಬೇಡಿ. ತೀರಾ ಹತ್ತಿರ ಬಂದವನಿಗೆ ನಾಲ್ಕು ಏಟು ಕೊಟ್ಟು, ಕೊನೆಯ ಒದೆಯನ್ನು ಮಾತ್ರ ಗುಂಪು ಇರುವ ಕಡೆಗೆ ತಿರುಗಿ ಒದೆಯಿರಿ. ಅವನು ಹಾರಿ ಹೋಗಿ ಮೂವರಿಗೆ ಬಡಿಯುತ್ತಾನೆ, ಮೂವರೂ ಗೋಡೆ ಹತ್ತಿರ ಚೆಲ್ಲಾಡುತ್ತಾರೆ. ಆಗ ನೀವು ಹೋಗಿ ಅವರಲ್ಲಿ ಒಬ್ಬನನ್ನು ವಾಪಸ್ ಈ ಕಡೆಗೆ ಒದೆಯಿರಿ. ಅಷ್ಟೇ. ಮೊದಲ ಸಲ ಕೆಲಸ ಮಾಡಿದಾಗ ಕ್ವೀನೂ ಕವರೂ ಒಟ್ಟಿಗೆ ಬಿದ್ದಷ್ಟು ಖುಷಿ ಆಗುತ್ತದೆ.

ಗಾಳಿಯಲ್ಲಿ ಇರುವುದು ನೆಲದ ಮೇಲೆ ಇರುವುದಕ್ಕಿಂತ ಸುರಕ್ಷಿತ. ಅವಳು ಫೇರಿ ಅಲ್ವಾ, ನೆಲಕ್ಕೆ ಅಂಟಿಕೊಂಡು ಯಾಕೆ ಇರಬೇಕು?

ಸೋಲ್ಡರ್ ಹೊಗೆ

ಒದೆ ಬೀಳದ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ಗೇಮ್ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಹೆಚ್ಚಾಗಿ ಕೀಬೋರ್ಡ್ ತಪ್ಪು.

ಅಗ್ಗದ ಕೀಬೋರ್ಡ್‌ನಲ್ಲಿ ಪ್ರತಿ ಕೀಗೂ ಬೇರೆ ಬೇರೆ ತಂತಿ ಇರುವುದಿಲ್ಲ. ಚೌಕಾಬಾರದ ಮನೆಯ ಹಾಗೆ ಅಡ್ಡ ಗೆರೆ, ಉದ್ದ ಗೆರೆ. ಎರಡು ಗೆರೆ ಸೇರುವ ಕಡೆ ಒಂದು ಕೀ. ಒಂದು ಅಥವಾ ಎರಡು ಕೀ ಒತ್ತಿದರೆ ತೊಂದರೆ ಇಲ್ಲ. ಮೂರನೆಯದು ಒತ್ತಿದಾಗ, ಆ ಮೂರೂ ಒಂದು ಚೌಕದ ಮೂರು ಮೂಲೆಗಳಾದರೆ ನಾಲ್ಕನೇ ಮೂಲೆಯೂ ಒತ್ತಿದಂತೆಯೇ ಕಾಣುತ್ತದೆ. ಯಾವುದು ನಿಜ ಅಂತ ತಿಳಿಯದೆ ಕೀಬೋರ್ಡ್ ಮೂರನೇ ಕೀಯನ್ನೇ ನುಂಗಿಬಿಡುತ್ತದೆ. ಬಲ ಬಾಣ, ಮೇಲಿನ ಬಾಣ, ಜೊತೆಗೆ ಒದೆ. ಬಡಿದಾಟದಲ್ಲಿ ಇದಕ್ಕಿಂತ ಸಾಮಾನ್ಯವಾದ ಕಾಂಬಿನೇಷನ್ ಇನ್ನೊಂದಿಲ್ಲ. ಅಲ್ಲೇ ನಿಮ್ಮ ಒದೆ ಮಾಯ.

ಬ್ರೌಸರ್‌ನಲ್ಲಿ ಕೀಬೋರ್ಡ್ ಟೆಸ್ಟ್ ಅಂತ ಹುಡುಕಿ, ಎರಡು ಬಾಣ ಒತ್ತಿ ಹಿಡಿದು ಒಂದೊಂದೇ ಅಕ್ಷರ ಒತ್ತಿ ನೋಡಿ. ಯಾವುದು ದೀಪ ಹತ್ತುವುದಿಲ್ಲವೋ ಅದನ್ನು ಒದೆಗೆ ಇಡಬೇಡಿ. ಶಿಫ್ಟ್, ಕಂಟ್ರೋಲ್ ಕೀಗಳಿಗೆ ಸಾಮಾನ್ಯವಾಗಿ ಬೇರೆ ಗೆರೆ ಇರುತ್ತದೆ, ಅವು ಮೋಸ ಮಾಡುವುದು ಕಮ್ಮಿ. ಇಲ್ಲದಿದ್ದರೆ ಒಂದು ಕಂಟ್ರೋಲರ್ (ಕೈಯಲ್ಲಿ ಹಿಡಿದು ಆಡುವ, ಸ್ಟಿಕ್ ಮತ್ತು ಬಟನ್ ಇರುವ ಸಾಧನ) ತೆಗೆದುಕೊಳ್ಳಿ. ಆನ್‌ಲೈನ್‌ನಲ್ಲಿ ಸಿಗುವ ಹೆಸರಿಲ್ಲದ ಅಗ್ಗದ ಮಾಲಿಗೆ ಮಾತ್ರ ಕೈ ಹಾಕಬೇಡಿ. ನನ್ನದು ಎರಡೇ ವಾರದಲ್ಲಿ ತನ್ನಷ್ಟಕ್ಕೆ ಎಡಕ್ಕೆ ನಡೆಯಲು ಶುರು ಮಾಡಿತು. ವಾಪಸ್ ಕಳಿಸಿದರೆ ಅದನ್ನೇ ಒರೆಸಿ ಮತ್ತೆ ಕಳಿಸಿದರು. ಹಿಂದೆ ನಾನೇ ಮಾಡಿದ್ದ ಗೀರು ಹಾಗೇ ಇತ್ತು.

ಐದು ರೂಪಾಯಿ ಕಾಯಿನ್

ಎಡಕ್ಕೆ ತಿರುಗದ ಸ್ಟಿಕ್ ನಮ್ಮೂರಲ್ಲಿತ್ತು, ಎಡಕ್ಕೇ ಹೋಗುವ ಸ್ಟಿಕ್ ನಿಮ್ಮ ಹತ್ತಿರ ಇದೆ. ಎರಡನ್ನೂ ಕಸಿ ಮಾಡಬಹುದಿತ್ತು.

ಕೆಂಪು ಬಸ್ಸು

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಹುಳಿ ಹಿಂಡುತ್ತೇನೆ. ನಾನೂ ಈ ಗೇಮ್ ಆಡಿದೆ. ಮೊದಲ ಒಂದು ಗಂಟೆ ಮಜಾ ಇತ್ತು. ಆಮೇಲೆ ಬೇಜಾರು. ಯಾಕೆ ಅಂದರೆ ಎಲ್ಲೂ ಹೋಗುವುದೇ ಇಲ್ಲ. ಅದೇ ಕಾಡು, ಅದೇ ಮರ. ಬೆಳಕು ಸ್ವಲ್ಪ ಬದಲಾಗುತ್ತದೆ ಅಷ್ಟೇ. ಮುಸ್ತಫಾದಲ್ಲಿ ಊರು, ಕಾಡು, ಗುಹೆ, ಕಾರು ಓಡಿಸುವುದು ಎಲ್ಲ ಇತ್ತು. ಇಲ್ಲಿ ಸ್ಟೇಜ್ ಬದಲಾಯಿತು ಅಂದರೆ ಗೊಲೆಮ್ ಬಣ್ಣ ಬದಲಾಯಿತು ಅಂತ. ನಡುವೆ ಬರುವ ಮಾತುಕತೆಯನ್ನು ಸ್ಕಿಪ್ ಮಾಡಿದರೂ ಏನೂ ನಷ್ಟವಿಲ್ಲ. ಕೇರಂ ಅಂದಿರಲ್ಲ, ಒಪ್ಪಿದೆ. ಆದರೆ ಕೇರಂ ಆಡಲು ಎದುರಿಗೆ ಒಬ್ಬ ಮನುಷ್ಯ ಬೇಕು. ಒಬ್ಬನೇ ಕೂತು ಎಷ್ಟು ಹೊತ್ತು ಆಡುತ್ತೀರಿ?

ಅರ್ಧ ಲೋಟ

ಕಾಡು ಒಂದೇ ಅನ್ನುವುದು ನಿಜ, ಅದಕ್ಕೆ ವಾದ ಇಲ್ಲ. ಕಥೆ ತೆಳು ಅನ್ನುವುದೂ ನಿಜ. ಆದರೆ ಗೊಲೆಮ್ ಬಣ್ಣ ಬದಲಾದಾಗ ಅವರು ಬರುವ ರೀತಿಯೂ ಬದಲಾಗುತ್ತದೆ. ಇದನ್ನು ಒಂದೇ ಗುಕ್ಕಿಗೆ ಕೂತು ಮುಗಿಸಲು ಹೋದರೆ ಯಾರಿಗಾದರೂ ಬೇಜಾರಾಗುತ್ತದೆ. ದಿನಕ್ಕೆ ಅರ್ಧ ಗಂಟೆ, ಎರಡು ಮೂರು ಸ್ಟೇಜ್. ನಾನು ಹಾಗೆ ಆಡಿ ಮುಗಿಸಿದೆ. ಆಮೇಲೆ ಹಾರ್ಡ್‌ನಲ್ಲಿ ಇನ್ನೊಂದು ಸಲ.

ಕೆಂಪು ಬಸ್ಸು

ಔಷಧಿ ಥರ ದಿನಕ್ಕೆ ಎರಡು ಅಂತ ಬರೆದುಕೊಡಬೇಕಾದ ಗೇಮ್ ಒಳ್ಳೆಯ ಗೇಮಾ ಅನ್ನುವುದು ನನ್ನ ಪ್ರಶ್ನೆ. ಇರಲಿ.

ಕಟ್ಟೆ ಮಾತು

ಕೆಂಪು ಬಸ್ಸು ಹೇಳಿದ್ದಕ್ಕೆ ಕಾರಣ ಇದೆ, ಅದನ್ನು ಹೇಳಿದರೆ ಸ್ವಲ್ಪ ಕನಿಕರ ಬರಬಹುದು. ಇದನ್ನು ಮಾಡಿದ್ದು ಎಡಲ್‌ವೈಸ್ ಅನ್ನುವ ಜಪಾನಿನ ಪುಟ್ಟ ತಂಡ. ಮುಖ್ಯವಾಗಿ ಇಬ್ಬರು. ನಾಲ್ ಮತ್ತು ಕೊಯಿಚಿ ಅನ್ನುವ ಹೆಸರಿನಲ್ಲಿ ಕೆಲಸ ಮಾಡುತ್ತಾರೆ. ಜಪಾನಿನಲ್ಲಿ ಇಂಥ ತಂಡಗಳಿಗೆ ಡೋಜಿನ್ ಸರ್ಕಲ್ ಅನ್ನುತ್ತಾರೆ. ನಾಲ್ಕಾರು ಗೆಳೆಯರು ಸೇರಿ ಸ್ವಂತ ಖರ್ಚಿನಲ್ಲಿ ಪುಸ್ತಕವನ್ನೋ ಗೇಮನ್ನೋ ಮಾಡಿ, ತಾವೇ ಹೋಗಿ ಮಾರುವುದು. ಮಾರುವ ಜಾಗ ಕಾಮಿಕೆಟ್. 1975ರಲ್ಲಿ ಶುರುವಾದ ಸಂತೆ. ಈಗ ಟೋಕಿಯೊದ ಬಿಗ್ ಸೈಟ್ ಅನ್ನುವ ದೊಡ್ಡ ಸಭಾಂಗಣದಲ್ಲಿ ಆಗಸ್ಟ್‌ನಲ್ಲಿ ಒಂದು ಸಲ, ಡಿಸೆಂಬರ್‌ನಲ್ಲಿ ಒಂದು ಸಲ ನಡೆಯುತ್ತದೆ. ಒಂದು ಸರ್ಕಲ್‌ಗೆ ಸಿಗುವುದು ಅರ್ಧ ಮೇಜು. ಮೇಲೆ ಬಟ್ಟೆ ಹಾಸಿ ಡಿಸ್ಕ್ ಜೋಡಿಸಿಟ್ಟು ಕೂತರೆ ಆಯಿತು, ನಮ್ಮ ಜಾತ್ರೆಯಲ್ಲಿ ಬಳೆ ಅಂಗಡಿಯವರು ಕೂತ ಹಾಗೆ.

ಹೀಗೆ ಮಾಡಿದ ಗೇಮ್‌ಗಳು ಜಪಾನಿನಿಂದ ಆಚೆ ಬರುತ್ತಿದ್ದುದು ಅಪರೂಪ. ಭಾಷೆ ಬೇರೆ, ಮಾರುವವರೂ ಕಮ್ಮಿ. ಆಮೇಲೆ ನ್ಯೂ ಮೀಡಿಯಾ ಅನ್ನುವವರು ಇಂಥವನ್ನು ಇಂಗ್ಲಿಷ್‌ಗೆ ತಂದು ಮಾರಲು ಶುರು ಮಾಡಿದರು. ಫ್ರೀಸಿಯಾ ಹಾಗೆ ನಮ್ಮ ಕೈಗೆ ಬಂದಿದ್ದು. ಇಬ್ಬರು ಇದ್ದಾಗ ಇಪ್ಪತ್ತು ಊರು ಬಿಡಿಸಲು ಆಗುವುದಿಲ್ಲ. ಒಂದು ಕಾಡು ಬಿಡಿಸಿ, ಉಳಿದ ಸಮಯವನ್ನೆಲ್ಲ ಒದೆಗೆ ಹಾಕಿದ್ದಾರೆ.

ಇನ್ನೊಂದು ಸಣ್ಣ ವಿಷಯ. ಎಡಲ್‌ವೈಸ್ ಒಂದು ಹೂವು, ಫ್ರೀಸಿಯಾ ಕೂಡ ಒಂದು ಹೂವು. ದಕ್ಷಿಣ ಆಫ್ರಿಕಾ ಕಡೆಯದು. ಫ್ರೀಸೆ ಅನ್ನುವ ಜರ್ಮನ್ ಡಾಕ್ಟರ್ ಹೆಸರಿನಿಂದ ಬಂದಿದ್ದು. ಕಾಡು ಕಾಯುವ ಹುಡುಗಿಗೆ ಹೂವಿನ ಹೆಸರು.

ಅಡ್ಡಮಳೆ

ಈಗ ನಿಜವಾಗಲೂ ತೆಗೆದುಕೊಳ್ಳಬೇಕು ಅನ್ನಿಸುತ್ತಿದೆ. ವಿಶ್‌ಲಿಸ್ಟ್‌ಗೆ ಹಾಕಿದೆ.

ಹದಿನಾರು ಮಿಲಿ

"ಉಳಿದ ಸಮಯವನ್ನೆಲ್ಲ ಒದೆಗೆ ಹಾಕಿದ್ದಾರೆ" ಅನ್ನುವ ಮಾತು ಚೆನ್ನಾಗಿದೆ. ನಾನು ಬೆಂಗಳೂರಿನಲ್ಲಿ ಗೇಮ್ ಮಾಡುವ ಕೆಲಸದಲ್ಲೇ ಇದ್ದೇನೆ, ದೊಡ್ಡದೇನಲ್ಲ, ಮೊಬೈಲ್ ಗೇಮ್. ಒಂದು ಒದೆಗೆ ಎಷ್ಟು ಕೆಲಸ ಇರುತ್ತದೆ ಅಂತ ಹೇಳುತ್ತೇನೆ.

ಗೇಮ್ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ ಅಂದುಕೊಳ್ಳಿ. ಒಂದು ಚಿತ್ರಕ್ಕೆ ಹದಿನಾರು ಚಿಲ್ಲರೆ ಮಿಲಿಸೆಕೆಂಡ್. ನನ್ನ ಹೆಸರು ಅಲ್ಲಿಂದ ಬಂದಿದ್ದು. ಕಾಲು ಗೊಲೆಮ್‌ಗೆ ತಾಗಿದ ಕ್ಷಣ, ಐದಾರು ಚಿತ್ರಗಳ ಕಾಲ ಹೊಡೆದವನು, ತಿಂದವನು ಇಬ್ಬರನ್ನೂ ಹಾಗೇ ನಿಲ್ಲಿಸಿಬಿಡುತ್ತೇವೆ. ಹಿಟ್ ಸ್ಟಾಪ್ ಅನ್ನುತ್ತೇವೆ. ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಅಲ್ಲದೇ ಇರಬಹುದು. ನಿಮಗೆ ನಿಂತಿದ್ದು ಕಾಣುವುದಿಲ್ಲ, ಆದರೆ ಪೆಟ್ಟು ಭಾರವಾಗಿ ಬಿತ್ತು ಅಂತ ಕೈಗೆ ಅನಿಸುತ್ತದೆ. ಇದನ್ನು ತೆಗೆದು ಆಡಿ ನೋಡಿದರೆ ಒದೆ ದಿಂಬಿಗೆ ಹೊಡೆದ ಹಾಗೆ ಇರುತ್ತದೆ. ಯಕ್ಷಗಾನದಲ್ಲಿ ಯುದ್ಧದ ಕುಣಿತ ನೋಡಿದ್ದೀರಲ್ಲ, ಚೆಂಡೆ ಒಂದು ಕ್ಷಣ ತಡೆದು ಆಮೇಲೆ ಬಿದ್ದರೆ ಮೈ ಜುಮ್ ಅನ್ನುತ್ತದೆ. ಅದೇ ಲೆಕ್ಕ.

ಈಗ ಫ್ರೀಸಿಯಾದ ಕಷ್ಟ ನೋಡಿ. ಒಬ್ಬನಿಗೆ ಒದ್ದರೆ ಅವನು ಇನ್ನಿಬ್ಬರಿಗೆ ಬಡಿಯುತ್ತಾನೆ. ಪ್ರತಿ ಬಡಿತಕ್ಕೂ ನಿಲ್ಲಿಸಿದರೆ ಗೇಮ್ ಕುಂಟುತ್ತದೆ. ನಿಲ್ಲಿಸದಿದ್ದರೆ ಬಡಿದದ್ದೇ ಗೊತ್ತಾಗುವುದಿಲ್ಲ. ಆ ಹದ ಹಿಡಿಯುವುದಕ್ಕೆ ತಿಂಗಳುಗಟ್ಟಲೆ ಕೂರಬೇಕು. ಉಪ್ಪಿನಕಾಯಿಗೆ ಉಪ್ಪು ಹಾಕಿದ ಹಾಗೆ, ಯಾರೂ ಅಳತೆ ಬರೆದಿಟ್ಟಿರುವುದಿಲ್ಲ.

ಇನ್ನೊಂದು. ನಮ್ಮ ಸಿನಿಮಾ ಫೈಟ್‌ನಲ್ಲಿ ಹತ್ತು ಜನ ರೌಡಿಗಳು ಹೀರೋ ಸುತ್ತ ನಿಂತು ಒಬ್ಬೊಬ್ಬರೇ ಬಂದು ಒದೆ ತಿನ್ನುತ್ತಾರಲ್ಲ, ಅದನ್ನು ನೋಡಿ ನಗುತ್ತೇವೆ. ಬಡಿದಾಟದ ಗೇಮ್‌ಗಳಲ್ಲಿ ಎಷ್ಟೋ ಕಡೆ ಅದನ್ನೇ ಬೇಕಂತಲೇ ಮಾಡಿರುತ್ತಾರೆ. ಒಂದೋ ಎರಡೋ ಚೀಟಿ ಇಟ್ಟಿರುತ್ತಾರೆ. ಚೀಟಿ ಸಿಕ್ಕ ಶತ್ರು ಮಾತ್ರ ಹೊಡೆಯಲು ಬರಬಹುದು. ಉಳಿದವರು ಸುಮ್ನೆ ಅತ್ತಿತ್ತ ಓಡಾಡುತ್ತಾ ಸಿಟ್ಟು ನಟಿಸಬೇಕು. ಎಲ್ಲರೂ ಒಟ್ಟಿಗೆ ಬಂದರೆ ಆಡುವವನು ಎರಡು ಸೆಕೆಂಡ್ ಬದುಕುವುದಿಲ್ಲ.

ಐದು ರೂಪಾಯಿ ಕಾಯಿನ್

ಅಯ್ಯೋ, ಇಷ್ಟು ವರ್ಷ ಸುಮ್ನೆ ಫೈಟ್ ಮಾಸ್ಟರ್‌ಗಳನ್ನು ಆಡಿಕೊಂಡೆ. ಚೀಟಿ ಎತ್ತುತ್ತಿದ್ದರು ಅಂತ ಗೊತ್ತಿರಲಿಲ್ಲ.

ಕೆಂಪು ಬಸ್ಸು

ಹದಿನಾರು ಮಿಲಿ ಅವರೇ, ಹಾಗಾದರೆ ನಾವು ಯಾಕೆ ಇಂಥದ್ದು ಮಾಡುವುದಿಲ್ಲ? ಇಬ್ಬರು ಸಾಕು ಅಂತಾಯಿತಲ್ಲ.

ಹದಿನಾರು ಮಿಲಿ

ಮಾಡುವವರು ಇದ್ದಾರೆ. ಪುಣೆಯ ನಾಡಿಂಗ್ ಹೆಡ್ಸ್‌ನವರು 2020ರಲ್ಲಿ 'ರಾಜಿ' ತಂದರು. ಅದರಲ್ಲೂ ಒಬ್ಬ ಹುಡುಗಿಯೇ ಹೊಡೆದಾಡುತ್ತಾಳೆ. ಆದರೆ ಇಬ್ಬರು ಸಾಕು ಅನ್ನುವುದು ಅರ್ಧ ಸತ್ಯ. ಇಬ್ಬರು ಕೆಲವು ವರ್ಷ ಸಂಬಳ ಇಲ್ಲದೆ ಬದುಕಬೇಕು. ಮನೆಯಲ್ಲಿ ಇಎಂಐ ಕಟ್ಟುವವರು ಬೇರೆ ಯಾರಾದರೂ ಇರಬೇಕು. ನನ್ನ ಹಾರ್ಡ್‌ಡಿಸ್ಕ್‌ನಲ್ಲೂ ಒಂದು ಬಡಿದಾಟದ ಗೇಮ್ ಇದೆ. ಒಂದು ಸ್ಟೇಜ್ ಆಗಿದೆ. ಮೂರು ವರ್ಷದಿಂದ ಅದೇ ಒಂದು ಸ್ಟೇಜ್.

ಏಲಕ್ಕಿ ನೆರಳು

ವಿಷಯದಿಂದ ಸ್ವಲ್ಪ ಆಚೆ ಹೋಗುತ್ತೇನೆ, ಬೈಯಬೇಡಿ. ಎಲ್ಲರೂ ಫೇರಿ ಫೇರಿ ಅನ್ನುತ್ತಿದ್ದೀರಿ. ಕನ್ನಡದಲ್ಲಿ ಏನನ್ನಬೇಕು? ಮಕ್ಕಳ ಪುಸ್ತಕಗಳಲ್ಲಿ ಕಿನ್ನರಿ ಅಂತ ಇರುತ್ತದೆ.

ಕಟ್ಟೆ ಮಾತು

ಕಿನ್ನರಿ ಕಿವಿಗೆ ಇಂಪು, ಒಪ್ಪುತ್ತೇನೆ. ಆದರೆ ಕಿನ್ನರರು ಹಾಡುವವರು. ಕಿನ್ನರಿ ಅನ್ನುವುದು ಒಂದು ತಂತಿ ವಾದ್ಯದ ಹೆಸರೂ ಹೌದು. ಅದನ್ನು ಹಿಡಿದು ಮನೆ ಮನೆಗೆ ಬಂದು ಮಹಾಭಾರತದ ಕಥೆ ಹಾಡುವ ಕಿನ್ನರಿ ಜೋಗಿಗಳನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ಗೊಲೆಮ್ ಮೂತಿಗೆ ಒದೆಯುವವಳನ್ನು ಕಿನ್ನರಿ ಅಂದರೆ ಯಾಕೋ ಹೊಂದುವುದಿಲ್ಲ. ಯಕ್ಷಿ ಅಂದರೆ ಹೆದರಿಕೆ ಬರುತ್ತದೆ. ಯಕ್ಷಿಣಿ ಅಂದರೆ ಜಾದೂ. ಅಪ್ಸರೆ ಅಂದರೆ ತಪಸ್ಸು ಕೆಡಿಸಲು ಬಂದವಳು.

ಏಲಕ್ಕಿ ನೆರಳು

ನನಗೆ ಅನಿಸುವುದು ವನದೇವತೆ. ಅವಳ ಕೆಲಸ ನೋಡಿ, ಕಾಡು ಕಾಯುವುದು. ನಾನು ಕೊಡಗಿನವಳು. ನಮ್ಮಲ್ಲಿ ದೇವರಕಾಡು ಅಂತ ಇರುತ್ತವೆ, ಜಿಲ್ಲೆಯಲ್ಲಿ ಸುಮಾರು 1,200. ಅಲ್ಲಿ ಮರಕ್ಕೆ ಕೊಡಲಿ ಇಡುವ ಹಾಗಿಲ್ಲ. ಅಯ್ಯಪ್ಪನ ಕಾಡಾದರೆ ಹರಕೆಗೆ ಮಣ್ಣಿನ ನಾಯಿ ಮಾಡಿ ಇಡುತ್ತಾರೆ. ನಮ್ಮೂರಿನ ಕಾಡಿನಲ್ಲಿ ಮರದ ಬುಡದಲ್ಲಿ ಸಾಲಾಗಿ ಕೂತಿವೆ. ಕೆಲವಕ್ಕೆ ಕಿವಿ ಹೋಗಿದೆ, ಕೆಲವಕ್ಕೆ ಪಾಚಿ ಹಿಡಿದಿದೆ. ಚಿಕ್ಕವಳಿದ್ದಾಗ ರಾತ್ರಿ ಇವು ಎದ್ದು ಓಡಾಡುತ್ತವೆ ಅಂತ ಅಜ್ಜಿ ಹೆದರಿಸುತ್ತಿದ್ದರು. ಗೊಲೆಮ್ ಅಂದರೂ ಅದೇ ಅಲ್ವಾ, ಯಹೂದಿಗಳ ಕಥೆಯಲ್ಲಿ ಬರುವ ಜೀವ ತುಂಬಿದ ಮಣ್ಣಿನ ಬೊಂಬೆ. ನಮ್ಮ ಮಣ್ಣಿನ ನಾಯಿಗಳು ಕಾಡಿನ ಪರ. ಫ್ರೀಸಿಯಾದ ಗೊಲೆಮ್‌ಗಳು ಕಾಡಿನ ವಿರುದ್ಧ. ಅಷ್ಟೇ ವ್ಯತ್ಯಾಸ.

ಮೂರನೇ ಬೆಂಚು

ವನದೇವತೆ ಅಂದರೆ ತಂಗಿ ಒಪ್ಪುವುದಿಲ್ಲ. ಅವಳ ಪ್ರಕಾರ ಇನ್ನೂ ಚಿಟ್ಟೆನೇ. ಬಾಣದ ಕೀ ಜೊತೆ ಝೆಡ್ ನಿಜವಾಗಲೂ ಸತ್ತಿದೆ, ಟೆಸ್ಟ್ ಮಾಡಿದೆ. ಸೋಲ್ಡರ್ ಹೊಗೆ ಅವರಿಗೆ ನಮಸ್ಕಾರ. ಒದೆಯನ್ನು ಶಿಫ್ಟ್‌ಗೆ ಹಾಕಿದ್ದೇನೆ. ರಾತ್ರಿ ಆಡಿ ಹೇಳುತ್ತೇನೆ.

ಒಟ್ಲು ಪೈರು

ತಡವಾಗಿ ಬಂದೆ. ಎಡಲ್‌ವೈಸ್ ಅಂದಿದ್ದಕ್ಕೆ ಬಂದೆ. ಇವರೇ ತಾನೆ ಆಮೇಲೆ 'ಸಕುನಾ' ಮಾಡಿದ್ದು? ಅಕ್ಕಿ ಬೆಳೆಯುವ ಗೇಮ್. ನಾನು ಮಂಡ್ಯ ಕಡೆಯವನು. ಅಪ್ಪ ಈಗಲೂ ಭತ್ತ ಹಾಕುತ್ತಾರೆ. ಆ ಗೇಮ್ ಆಡುವಾಗ ನನಗೆ ಆಗಿದ್ದನ್ನು ಹೇಳಲೇಬೇಕು.

ಸಕುನಾ ಒಬ್ಬ ಪೈರಿನ ದೇವತೆ, ಸೋಮಾರಿ, ಬಾಯಿ ಜೋರು. ಅವಳನ್ನು ರಾಕ್ಷಸರು ಇರುವ ದ್ವೀಪಕ್ಕೆ ಕಳಿಸುತ್ತಾರೆ. ಒಂದು ಕಡೆ ಬಡಿದಾಟ, ಇನ್ನೊಂದು ಕಡೆ ಗದ್ದೆ. ಅಕ್ಕಿ ಚೆನ್ನಾಗಿ ಬಂದರೆ ಅವಳ ಶಕ್ತಿ ಜಾಸ್ತಿ ಆಗುತ್ತದೆ. ಇಲ್ಲಿ ಗದ್ದೆ ಅಂದರೆ ಬೀಜ ಎಸೆದು ಹೋಗುವುದಲ್ಲ. ಬೀಜವನ್ನು ಉಪ್ಪು ನೀರಿಗೆ ಹಾಕಿ ತೇಲಿದ ಜೊಳ್ಳನ್ನು ತೆಗೆಯುವುದರಿಂದ ಶುರು. ನಮ್ಮ ಕಡೆ ಕೃಷಿ ಇಲಾಖೆಯವರು ಹೇಳಿಕೊಡುವುದೂ ಅದೇ. ಉಳುವುದು, ನಾಟಿ, ಗದ್ದೆಗೆ ಎಷ್ಟು ನೀರು ನಿಲ್ಲಿಸಬೇಕು ಅನ್ನುವುದು, ಕಳೆ, ಕೊಯ್ಲು, ಒಣಗಿಸುವುದು, ಬಡಿಯುವುದು, ಕೊನೆಗೆ ಅಕ್ಕಿಯನ್ನು ಎಷ್ಟು ಬಿಳಿ ಮಾಡಬೇಕು ಅಂತಲೂ ನೀವೇ ತೀರ್ಮಾನಿಸಬೇಕು. 2020ರ ನವೆಂಬರ್‌ನಲ್ಲಿ ಬಂತು. ಜಪಾನಿನಲ್ಲಿ ಜನ ಇದನ್ನು ಆಡಲು ಅಲ್ಲಿನ ಕೃಷಿ ಸಚಿವಾಲಯದ ವೆಬ್‌ಸೈಟ್ ತೆರೆದು ಓದಿದರು. ಹತ್ತು ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. 2024ರಲ್ಲಿ ಟಿವಿಯಲ್ಲಿ ಅನಿಮೆ (ಜಪಾನಿ ಕಾರ್ಟೂನ್) ಕೂಡ ಬಂತು.

ಒಂದು ಭಾನುವಾರ ಆಡುತ್ತಿದ್ದೆ. ಅಪ್ಪ ಹಿಂದೆ ಬಂದು ನಿಂತರು. ಗೇಮ್ ಅಂದರೆ ಅವರಿಗೆ ಆಗುವುದಿಲ್ಲ. ಸ್ವಲ್ಪ ಹೊತ್ತು ನೋಡಿ, "ನೀರು ಜಾಸ್ತಿ ಆಯ್ತು, ಬಿಡು" ಅಂದರು. ನಾನು ಬಿಡಲಿಲ್ಲ. ಆ ವರ್ಷದ ಬೆಳೆ ಹಾಳಾಯಿತು. ಅಲ್ಲಿ ಮೂರು ದಿನಕ್ಕೆ ಒಂದು ಋತು, ಹನ್ನೆರಡು ದಿನಕ್ಕೆ ಒಂದು ವರ್ಷ, ಹಾಗಾಗಿ ನಷ್ಟ ಬೇಗ ಗೊತ್ತಾಗುತ್ತದೆ. ಮುಂದಿನ ವರ್ಷ ಅವರನ್ನೇ ಕೇಳಿಕೊಂಡು ಮಾಡಿದೆ.

ಅರ್ಧ ಲೋಟ

ಇದನ್ನೇ ಹೇಳಬೇಕು ಅಂತ ಕಾಯುತ್ತಿದ್ದೆ. ಸಕುನಾದ ಬಡಿದಾಟ ಗಮನಿಸಿದ್ದೀರಾ? ಅಲ್ಲೂ ರಾಕ್ಷಸನನ್ನು ಒದ್ದರೆ ಅವನು ಹಾರಿ ಇನ್ನೊಬ್ಬನಿಗೆ ಬಡಿಯುತ್ತಾನೆ. ಅವಳ ಹೆಗಲ ಮೇಲಿನ ಉತ್ತರೀಯ ಇದೆಯಲ್ಲ, ಅದನ್ನು ಬೀಸಿ ಶತ್ರುವನ್ನು ಹಿಡಿದು ಅವನ ಬೆನ್ನ ಹಿಂದಕ್ಕೆ ಹೋಗುತ್ತಾಳೆ, ಅವನನ್ನೇ ಎಸೆಯುತ್ತಾಳೆ. ಅದೇ ಕೇರಂ ಬೋರ್ಡ್. ಫ್ರೀಸಿಯಾದ ಒದೆಗೆ ಭತ್ತದ ಗದ್ದೆ ಸೇರಿಸಿದರೆ ಸಕುನಾ. ನಡುವೆ 'ಆಸ್ಟೆಬ್ರೀಡ್' ಅಂತ ಇನ್ನೊಂದು ಗೇಮ್ ಮಾಡಿದರು, ಅದು ಆಕಾಶದಲ್ಲಿ ರೋಬೋ ಹಾರಿಸಿ ಗುಂಡು ಹೊಡೆಯುವುದು. ಅಲ್ಲೂ ಕತ್ತಿ ಬೀಸುವುದು ಇದೆ. ಇವರಿಗೆ ಹತ್ತಿರ ಹೋಗಿ ಹೊಡೆಯದಿದ್ದರೆ ನಿದ್ದೆ ಬರುವುದಿಲ್ಲ ಅನಿಸುತ್ತದೆ.

ಕೆಂಪು ಬಸ್ಸು

ಸಕುನಾ ನಾನೂ ಆಡಿದ್ದೇನೆ, ಅದು ನನಗೆ ಬಹಳ ಇಷ್ಟ. ಎರಡೂ ಒಬ್ಬರದೇ ಅಂತ ಗೊತ್ತಿರಲಿಲ್ಲ. ಹಾಗಿದ್ದರೆ ನನ್ನ ದೂರು ಬದಲಾಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಫ್ರೀಸಿಯಾದಲ್ಲಿ ಒದೆ ಇತ್ತು, ಯಾಕೆ ಒದೆಯಬೇಕು ಅನ್ನುವುದು ಇರಲಿಲ್ಲ. ಸಕುನಾದಲ್ಲಿ ಅದು ಸಿಕ್ಕಿತು. ಸಂಜೆ ಆಯಿತು, ಗದ್ದೆಗೆ ವಾಪಸ್ ಹೋಗಬೇಕು, ಮನೆಯಲ್ಲಿ ಊಟಕ್ಕೆ ಕಾಯುತ್ತಿದ್ದಾರೆ ಅನ್ನುವುದು.

ಅರ್ಧ ಲೋಟ

ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ನೀವು ಗೆದ್ದಿರಿ.

ಒಟ್ಲು ಪೈರು

ನಾಟಿ ಮಾಡುವಾಗ ಅವಳು ಹಿಂದೆ ಹಿಂದೆ ಹೆಜ್ಜೆ ಇಡುತ್ತಾಳೆ, ನೋಡಿದ್ದೀರಾ? ಮುಂದೆ ನಡೆದರೆ ಈಗಷ್ಟೇ ನೆಟ್ಟ ಪೈರನ್ನು ತುಳಿಯುತ್ತೇವಲ್ಲ. ಅದನ್ನು ನೋಡಿದ ಮೇಲೆಯೇ ಅಪ್ಪ ಕುರ್ಚಿ ಎಳೆದುಕೊಂಡು ಕೂತಿದ್ದು.

ಮೂರನೇ ಬೆಂಚು

ವರದಿ ಒಪ್ಪಿಸುತ್ತಿದ್ದೇನೆ. ಆ ಸ್ಟೇಜ್ ದಾಟಿದೆ! ಅದರ ಮುಂದಿನದೂ ದಾಟಿದೆ.

ಮೊದಲ ಎರಡು ಸಲ ಹಳೇ ಅಭ್ಯಾಸಕ್ಕೆ ಸತ್ತೆ. ಮೂರನೇ ಸಲ ಅರ್ಧ ಲೋಟ ಅವರು ಹೇಳಿದ ಹಾಗೆ ಕೈ ಕಟ್ಟಿ ಕಾದೆ. ಹೊಡೆಯದೆ ಇರುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಎಡಗಡೆ ಮೂರು, ಬಲಗಡೆ ಎರಡು. ಬಲಗಡೆಯವನು ಗುದ್ದಲು ಬಂದಾಗ ಮೇಲೆ ಹಾರಿ, ಇಳಿಯುತ್ತಾ ಅವನ ಬೆನ್ನ ಹಿಂದೆ ಬಂದು, ನಾಲ್ಕು ಏಟು, ಎಡಗಡೆಗೆ ಒಂದು ಒದೆ. ಅವನು ಹಾರಿದ. ಮೂವರಿಗೂ ಬಡಿದ. ಒಬ್ಬ ಗೋಡೆಗೆ ತಾಗಿ ವಾಪಸ್ ನನ್ನ ಕಡೆಗೇ ಪುಟಿದು ಬಂದ, ಅವನನ್ನು ಮತ್ತೆ ಒದ್ದೆ. ಪರದೆ ತುಂಬ ಮಾನಾ. ಹೆಬ್ಬೆರಳು ನೋಯಲಿಲ್ಲ, ಯಾಕೆಂದರೆ ಒತ್ತಿದ್ದೇ ಕಮ್ಮಿ. ತಂಗಿ "ಏ!" ಅಂದಳು. ಚಿಟ್ಟೆ ಅನ್ನಲಿಲ್ಲ.

ಅಡ್ಡಮಳೆ

ಸೇಲ್ ಬರುವ ತನಕ ಕಾಯಲಿಲ್ಲ. ಪೂರ್ತಿ ಬೆಲೆಗೆ ತೆಗೆದುಕೊಂಡೆ. ಎರಡು ದೋಸೆ ಆಯಿತು.

ಅರ್ಧ ಲೋಟ

ಮೂರನೇ ಬೆಂಚು ಅವರೇ, ಹಾರ್ಡ್ ಯಾವಾಗ ಶುರು?

ಮೂರನೇ ಬೆಂಚು

ನಾನು ಆಡುವುದು ಸದ್ಯಕ್ಕೆ ನಿಂತಿದೆ. ಲ್ಯಾಪ್‌ಟಾಪ್ ತಂಗಿ ಹತ್ತಿರ ಇದೆ. ಇದನ್ನು ಫೋನಿನಲ್ಲಿ ಬರೆಯುತ್ತಿದ್ದೇನೆ. ಅವಳು ಮೊದಲನೇ ಸ್ಟೇಜ್‌ನಿಂದ ಶುರು ಮಾಡಿದ್ದಾಳೆ, ಒಳಗಿನಿಂದ ಶಿಫ್ಟ್ ಕೀ ಸದ್ದು ಕೇಳುತ್ತಿದೆ. ಚಾರ್ಜರ್ ಮಾತ್ರ ನನ್ನ ಹತ್ತಿರ ಇದೆ. ಬ್ಯಾಟರಿ ಹೆಚ್ಚೆಂದರೆ ನಲವತ್ತು ನಿಮಿಷ. ಕಾಯುತ್ತೇನೆ.